ಟೆನರ್ ಸಾಲೊಂದನ್ನೇ ಬರೆದುಕೊಂಡು ಹಾಡಿದ್ದು

ಇಂಗ್ಲೆಂಡಿನಲ್ಲಿ ನಾನು ಹಾಡುವ ಹವ್ಯಾಸಿ ಗಾಯನವೃಂದ ಕಳೆದ ಚಳಿಗಾಲ ಹದಿನೇಳನೆಯ ಶತಮಾನದ ಸಂಗೀತ ರಚನಕಾರ ಥಾಮಸ್ ಟಾಮ್‌ಕಿನ್ಸ್‌ನ ‘ವೆನ್ ಡೇವಿಡ್ ಹರ್ಡ್’ ಕೈಗೆತ್ತಿಕೊಂಡಿತು. ಮಗ ಅಬ್ಷಾಲೋಮ ಸತ್ತ ಸುದ್ದಿ ಕೇಳಿ ಬೈಬಲಿನ ದಾವೀದ ಅರಸ ಹೆಬ್ಬಾಗಿಲ ಮೇಲಿನ ಕೋಣೆಗೆ ಹೋಗಿ ಅಳುವ ಪ್ರಸಂಗ. ಐದು ದನಿಗಳು ಒಟ್ಟಿಗೆ ಬೇರೆ ಬೇರೆ ಸಾಲು ಹಾಡುವ ರಚನೆ; ನನ್ನದು ಟೆನರ್, ಅಂದರೆ ಗಂಡಸರ ಎತ್ತರದ ದನಿ. 1612ರಲ್ಲಿ ಒಂದನೆಯ ಜೇಮ್ಸ್ ದೊರೆಯ ಹಿರಿಮಗ ಹೆನ್ರಿ ಹದಿನೆಂಟಕ್ಕೇ ತೀರಿಕೊಂಡ. ಆ ದುಃಖವೇ ಈ ಹಾಡಿನ ಹಿಂದಿದೆ ಎಂದು ಅನೇಕರು ನಂಬುತ್ತಾರೆ. ಮೊದಲ ತಾಲೀಮಿನಲ್ಲಿ ಮಾತ್ರ ನನ್ನ ಗೋಳೇ ಬೇರೆ.

ಈಗಿನ ಅಚ್ಚುಪ್ರತಿಯಲ್ಲಿ ಐದೂ ದನಿಗಳ ಸಾಲುಗಳು ಒಂದರ ಕೆಳಗೊಂದು ಕಣ್ಣೆದುರಿಗಿದ್ದರೆ ನೋಟ ಪಕ್ಕದವರ ಸಾಲಿಗೆ ಹಾರುತ್ತದೆ. ಜೊತೆಗೆ ಬಾಲ್ಯದ ಕರ್ನಾಟಕ ಸಂಗೀತದ ಪಾಠ: ಸ್ವರಗಳನ್ನು ತುಂಡು ತುಂಡಾಗಿ ವಿಂಗಡಿಸುವ ಅಡ್ಡಗೆರೆ ದಾಟಿದ ಮೊದಲ ಸ್ವರವೆಲ್ಲ ನನಗೆ ಸಮ, ಅಂದರೆ ತಾಳದ ಮೊದಲ ಪೆಟ್ಟು. ಕೈ ತಾನಾಗಿ ತೊಡೆ ತಟ್ಟುತ್ತಿತ್ತು, ತಟ್ಟಿದಲ್ಲೆಲ್ಲ ದನಿಗೆ ಒತ್ತು ಬೀಳುತ್ತಿತ್ತು. ತಂದೆಯ ಅಳು ಕವಾಯತಾಯಿತು.

ಟಾಮ್‌ಕಿನ್ಸ್ 1622ರಲ್ಲಿ ಇದನ್ನು ಅಚ್ಚು ಹಾಕಿಸಿದಾಗ ದನಿಗೊಂದು ಪುಸ್ತಕ. ಪಕ್ಕದವರ ಸಾಲು ಕಾಣುತ್ತಿರಲಿಲ್ಲ, ಅಡ್ಡಗೆರೆಗಳೂ ಇರಲಿಲ್ಲ. ಅವು ಈಗಿನ ಸಂಪಾದಕರ ಕೈಚಳಕ. ಹಾಗೆಯೇ ಕಲಿಯೋಣವೆಂದು ಟೆನರ್ ಸಾಲನ್ನಷ್ಟೇ ಅಡ್ಡಗೆರೆಗಳಿಲ್ಲದೆ ಎರಡು ಹಾಳೆಗೆ ಬರೆದುಕೊಂಡೆ. ಒಂದು ವಾರ ರೈಲಿನಲ್ಲಿ ಸ್ವರ ಬಿಟ್ಟು ಮಾತನ್ನಷ್ಟೇ ಓದಿದೆ. ಅಬ್ಷಾಲೋಮನ ಹೆಸರಿನ ಮೊದಲ ಅಕ್ಷರ ತಾನಾಗಿಯೇ ಭಾರವಾಯಿತು, ತಾಳ ಹುಡುಕಬೇಕಾಗಲಿಲ್ಲ.

ಎಡವಿದ್ದು ನನ್ನ ಸರದಿ ಬರುವವರೆಗಿನ ಮೌನದ ಎಣಿಕೆಯಲ್ಲಿ. ಎರಡನೆಯ ತಾಲೀಮಿನಲ್ಲಿ ಎಲ್ಲರಿಗಿಂತ ಮೊದಲೇ ಬಾಯಿ ತೆರೆದೆ, ಕೋಣೆಯಲ್ಲಿ ನನ್ನೊಬ್ಬನದೇ ‘ಓ’! ಆಮೇಲೆ ನನ್ನ ಸರದಿಗೆ ಮುಂಚೆ ಆಲ್ಟೋದವರು (ಟೆನರಿಗಿಂತ ಮೇಲಿನ ದನಿಯವರು) ಹಾಡುವ ಎರಡು ಸ್ವರಗಳನ್ನು ಹಾಳೆಯಂಚಿನಲ್ಲಿ ಪೆನ್ಸಿಲಿನಿಂದ ಸರಿಗಮದಲ್ಲೇ ಗುರುತಿಟ್ಟೆ. ಎಣಿಸುವುದನ್ನು ಬಿಟ್ಟು ಅವರನ್ನು ಕೇಳತೊಡಗಿದೆ.

ಉಳಿದ ರೋಗ ಗಮಕದ್ದು. ಸ್ವರದಿಂದ ಸ್ವರಕ್ಕೆ ಜಾರುವುದು ನಮಗೆ ಅಂದ. ಇಲ್ಲಿ ಜಾರಿದರೆ ಮಿಕ್ಕ ನಾಲ್ಕು ದನಿಗಳೊಡನೆ ಶ್ರುತಿ ಕದಡುತ್ತದೆ. ಮೊಬೈಲಿನಲ್ಲಿ ತಂಬೂರಿ ಹಚ್ಚಿ, ಒಂದೊಂದೇ ಸ್ವರವನ್ನು ಅಲುಗಿಸದೆ ಉಸಿರು ಮುಗಿಯುವವರೆಗೆ ಹಿಡಿದೆ. ಊರಿನ ಗುರುಗಳು ಕೇಳಿದ್ದರೆ ಬೈಯುತ್ತಿದ್ದರೇನೋ.

ಕಾರ್ಯಕ್ರಮದ ದಿನ ಒಂದೇ ಕಡೆ ಜಾರಿದೆ. ಮುಂದಿನದು ಅದೇ ಕಾಲದ ರಚನಕಾರ ಆರ್ಲ್ಯಾಂಡೊ ಗಿಬ್ಬನ್ಸ್‌ನ ಎಂಟು ದನಿಗಳ ‘ಓ ಕ್ಲ್ಯಾಪ್ ಯುವರ್ ಹ್ಯಾಂಡ್ಸ್’. ಅದರಲ್ಲಿ ಟೆನರ್ ಸಾಲೇ ಎರಡಿವೆ, ನನ್ನದು ಯಾವುದೆಂದು ಇನ್ನೂ ಹೇಳಿಲ್ಲ.