ಹೊಸ ನಗರದಲ್ಲಿ ಮನೆಗಿಂತ ಮೊದಲು ದಾರಿ ನೋಡಿ

ಹೊಸ ನಗರಕ್ಕೆ ಬಂದವರು ಮಾಡುವ ದೊಡ್ಡ ತಪ್ಪು ಎಂದರೆ, ಊರಿನ ಹಿಂದುಮುಂದು ತಿಳಿಯುವ ಮೊದಲೇ ವರ್ಷದ ಕರಾರಿಗೆ ಸಹಿ ಹಾಕಿಬಿಡುವುದು. ತಾತ್ಕಾಲಿಕ ಕೋಣೆಯ ಬಾಡಿಗೆ ದಿನದಿನವೂ ಕಣ್ಣಿಗೆ ಚುಚ್ಚುತ್ತದೆ, ಹಾಗಾಗಿ ಅವಸರ. ಆದರೆ ತಪ್ಪು ಜಾಗದಲ್ಲಿ ಮನೆ ಹಿಡಿದರೆ ತೆರುವ ಬೆಲೆ ಯಾವ ರಸೀದಿಯಲ್ಲೂ ಕಾಣುವುದಿಲ್ಲ. ದಿನಕ್ಕೆ ಒಂದೂವರೆ ಗಂಟೆ ಹೆಚ್ಚು ಓಡಾಟವೆಂದರೆ, 22 ಕೆಲಸದ ದಿನಗಳಿರುವ ತಿಂಗಳಿಗೆ 33 ಗಂಟೆ. ಎರಡರಿಂದ ನಾಲ್ಕು ವಾರ ತಾತ್ಕಾಲಿಕವಾಗಿ ಎಲ್ಲಾದರೂ ಇದ್ದುಕೊಂಡು ಹುಡುಕಿ. ಕೊನೆಗೆ ಅದೇ ಅಗ್ಗ.

ಬಂದ ಮರುದಿನ ಬೆಳಗ್ಗೆಯೇ ಸಂದರ್ಶನ, ಪರೀಕ್ಷೆ ಅಥವಾ ಮನೆ ಮಾತುಕತೆ ಇಟ್ಟುಕೊಳ್ಳಬೇಡಿ. ಅಪರಿಚಿತ ಜಾಗದ ಮೊದಲ ರಾತ್ರಿ ಮಿದುಳಿನ ಒಂದು ಭಾಗ ಪೂರ್ತಿ ನಿದ್ದೆಗೆ ಜಾರದೆ ಎಚ್ಚರವಾಗಿಯೇ ಇರುತ್ತದೆ ಎಂಬುದನ್ನು ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದ್ದಾರೆ. ಸಣ್ಣ ಸದ್ದಿಗೂ ಎಚ್ಚರವಾಗುವುದು ಅದಕ್ಕೇ. ನಡುವೆ ಒಂದು ದಿನ ಬಿಡುವಿರಲಿ.

ಹಳೆಯ ಊರಿನ ಸಿಮ್ ಕಾರ್ಡನ್ನು ಮಾತ್ರ ಸದ್ಯಕ್ಕೆ ಬಿಡಬೇಡಿ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೆ. ಹೊಸ ನಂಬರನ್ನು ಬ್ಯಾಂಕ್, ಇಮೇಲ್, ವಿಮೆ ಎಲ್ಲ ಕಡೆ ಬದಲಿಸಿ, ಪ್ರತಿಯೊಂದರಲ್ಲೂ ಒಮ್ಮೆ ಲಾಗಿನ್ ಆಗಿ ನೋಡಿದ ಮೇಲೆ ಹಳೆಯದನ್ನು ಮುಚ್ಚಿ. ಕ್ರಮ ತಪ್ಪಿದರೆ ಸ್ವಂತ ದುಡ್ಡಿಗೆ ನೀವೇ ಹೊರಗಿನವರಾಗುತ್ತೀರಿ.

ದಾರಿಯ ಲೆಕ್ಕ

ಕೆಲಸದ ಜಾಗವನ್ನೋ ಕಾಲೇಜನ್ನೋ ನಕ್ಷೆಯಲ್ಲಿ ಗುರುತು ಮಾಡಿ, ಅಲ್ಲಿಂದ ಹಿಂದಕ್ಕೆ ಹುಡುಕಿ. ಬಾಗಿಲಿನಿಂದ ಬಾಗಿಲಿಗೆ ಎಷ್ಟು ಹೊತ್ತು ಎಂಬುದೇ ಅಳತೆ: ನಿಲ್ದಾಣಕ್ಕೆ ನಡಿಗೆ, ಕಾಯುವ ಹೊತ್ತು, ಪ್ರಯಾಣ, ನಡುವೆ ಬಸ್ಸೋ ರೈಲೋ ಬದಲಿಸುವ ಹೊತ್ತು, ಇಳಿದ ಮೇಲಿನ ನಡಿಗೆ. ಜಾಹೀರಾತಿನಲ್ಲಿ ಬರೆಯುವ ‘20 ನಿಮಿಷದ ದಾರಿ’ ಸಾಮಾನ್ಯವಾಗಿ ರಸ್ತೆ ಖಾಲಿಯಿರುವಾಗಿನ ಲೆಕ್ಕ, ಅದೂ ವಾಹನದೊಳಗಿನ ಹೊತ್ತು ಮಾತ್ರ.

ಕಾಯುವ ಹೊತ್ತಿನಲ್ಲಿ ಹೆಚ್ಚಿನವರು ಮೋಸಹೋಗುತ್ತಾರೆ. ಹತ್ತು ನಿಮಿಷಕ್ಕೊಂದು ಬಸ್ ಇದ್ದರೆ ಸರಾಸರಿ ಐದು ನಿಮಿಷ ಕಾದರಾಯಿತು ಎಂದುಕೊಳ್ಳುತ್ತೇವೆ. ಬಸ್ಸುಗಳು ಹೇಳಿದ ಹೊತ್ತಿಗೆ ಬಂದರೆ ಅದು ಸರಿ. ವಾಹನದಟ್ಟಣೆಯಲ್ಲಿ ಎರಡು ಬಸ್ಸುಗಳು ಒಂದರ ಬೆನ್ನಿಗೊಂದು ಬಂದು, ಆಮೇಲೆ 20 ನಿಮಿಷ ಯಾವುದೂ ಬಾರದಿದ್ದರೆ ಸರಾಸರಿ ಕಾಯುವಿಕೆ ಹತ್ತು ನಿಮಿಷಕ್ಕೆ ಏರುತ್ತದೆ, ಬಸ್ಸುಗಳ ಸಂಖ್ಯೆ ಅಷ್ಟೇ ಇದ್ದರೂ. ಏಕೆಂದರೆ ನಿಲ್ದಾಣಕ್ಕೆ ಬಂದವರಲ್ಲಿ ಬಹುತೇಕರು ಸಿಕ್ಕಿಬೀಳುವುದು ಆ ಉದ್ದನೆಯ ಬಿಡುವಿನಲ್ಲೇ. ಆದ್ದರಿಂದ ವೇಳಾಪಟ್ಟಿಯನ್ನು ನೆಚ್ಚಬೇಡಿ. ನಿಮಗೆ ಬೇಕಾದ ಹೊತ್ತಿಗೆ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತು, ಬಸ್ ಬಂದ ವೇಳೆಗಳನ್ನು ಬರೆದುಕೊಳ್ಳಿ.

ಅದೇ ದಾರಿಯಲ್ಲಿ ಮೂರು ಸಲ ಓಡಾಡಿ: ಕೆಲಸದ ದಿನ ಬೆಳಗ್ಗೆ ಹೋಗುವ ಹೊತ್ತಿಗೆ, ಸಂಜೆ ಮರಳುವ ಹೊತ್ತಿಗೆ, ರಾತ್ರಿ ಕೊನೆಯ ಬಸ್ ಅಥವಾ ರೈಲಿನಲ್ಲಿ. ರಾತ್ರಿ ನಿಲ್ದಾಣದಿಂದ ಮನೆಯವರೆಗೆ ನಡೆಯುವಾಗ ದೀಪವಿಲ್ಲದ ತುಂಡು ಎಷ್ಟು ಉದ್ದ, ಯಾವ ಅಂಗಡಿ ತೆರೆದಿರುತ್ತದೆ ಎಂದು ಗಮನಿಸಿ. ಹೋಗಿಬರುವುದು ಸೇರಿ ದಿನಕ್ಕೆ ಒಂದು ಗಂಟೆಯ ಆಸುಪಾಸಿನ ಪ್ರಯಾಣವನ್ನು ಜನ ಎಲ್ಲ ಕಾಲದಲ್ಲೂ ಸಹಿಸಿಕೊಂಡು ಬಂದಿದ್ದಾರೆ ಎಂದು ಇಟಲಿಯ ಭೌತವಿಜ್ಞಾನಿ ಸೆಸಾರೆ ಮಾರ್ಕೆಟ್ಟಿ 1994ರಲ್ಲಿ ವಾದಿಸಿದ್ದರು. ಅದರ ಎರಡು ಪಟ್ಟು ಹಿಡಿಯುವ ಮನೆ ಎಷ್ಟೇ ಚೆಂದವಿದ್ದರೂ ಬೇಡ ಎನ್ನುವುದು ನಮ್ಮ ಸಲಹೆ.

ಮನೆ ನೋಡುವಾಗ

ಮನೆ ನೋಡಲು ಹೋಗುವಾಗ ಒಂದು ಲೀಟರಿನ ಖಾಲಿ ಬಾಟಲಿ ಮತ್ತು ಫೋನ್ ಚಾರ್ಜರ್ ಜೊತೆಗಿರಲಿ. ಬಚ್ಚಲಿನ ನಲ್ಲಿಯನ್ನು ಪೂರ್ತಿ ತಿರುಗಿಸಿ ಬಾಟಲಿ ತುಂಬಿಸಿ. ಆರು ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ ಹತ್ತು ಲೀಟರ್, ಚೆನ್ನಾಗಿದೆ. ಹನ್ನೆರಡು ಸೆಕೆಂಡ್ ದಾಟಿದರೆ ಶವರಿನಲ್ಲಿ ನೀರು ತೊಟ್ಟಿಕ್ಕುತ್ತದೆ ಅಷ್ಟೆ. ಅಡುಗೆಮನೆಯ ನಲ್ಲಿಯನ್ನೂ ಬಿಟ್ಟು ಮತ್ತೊಮ್ಮೆ ಅಳೆಯಿರಿ, ನಿಜವಾದ ಒತ್ತಡ ಆಗ ಗೊತ್ತಾಗುತ್ತದೆ. ಚಾರ್ಜರನ್ನು ಪ್ರತಿ ಪ್ಲಗ್ಗಿಗೂ ಹಾಕಿ ನೋಡಿ. ಒಳಗಿನ ಕೋಣೆಯ ಬಾಗಿಲು ಮುಚ್ಚಿಕೊಂಡು ಒಂದು ಫೋನ್ ಮಾಡಿ.

ಗೋಡೆಗಳಲ್ಲಿ ಒಂದಕ್ಕೆ ಮಾತ್ರ ಹೊಸ ಬಣ್ಣ ಬಿದ್ದಿದ್ದರೆ ಅಲ್ಲೇ ನಿಂತು ನೋಡಿ. ನೆಲದಿಂದ ಸುಮಾರು ಒಂದು ಮೀಟರ್ ಎತ್ತರದವರೆಗೆ ಬಣ್ಣ ಉಬ್ಬಿ, ಬೆರಳಿಗೆ ಬಿಳಿ ಪುಡಿ ಅಂಟಿದರೆ ಅದು ನೆಲದಿಂದ ಏರುವ ತೇವ. ನೀರು ಆರಿಹೋದ ಮೇಲೆ ಉಳಿಯುವ ಉಪ್ಪು ಬಣ್ಣವನ್ನು ಒಳಗಿನಿಂದ ತಳ್ಳುತ್ತದೆ, ಹಾಗಾಗಿ ಎಷ್ಟು ಸಲ ಬಳಿದರೂ ಉದುರುತ್ತದೆ. ಕಲೆ ಮೇಲಿನಿಂದ ಇಳಿದಿದ್ದರೆ ಸೋರಿಕೆ ಚಾವಣಿಯದೋ ಮೇಲಿನ ಮನೆಯದೋ ಇರಬೇಕು. ಬೀರುವಿನ ಹಿಂದೆ, ಗಾಳಿಯಾಡದ ಮೂಲೆಯಲ್ಲಿ ಕಪ್ಪು ಚುಕ್ಕಿಗಳಿದ್ದರೆ ಅದು ಬೂಷ್ಟು. ಗೋಡೆಗೂಡುಗಳ ಬಾಗಿಲು ತೆರೆದು ಮೂಸಿ ನೋಡಲು ಸಂಕೋಚ ಬೇಡ. ಕಿಟಕಿ ತೆರೆದಿಟ್ಟ ಕೋಣೆಯಲ್ಲಿ ಹೋಗಿಬಿಡುವ ವಾಸನೆ ಅಲ್ಲಿ ಉಳಿದಿರುತ್ತದೆ.

ಹಗಲು ನೋಡಿ ಇಷ್ಟವಾದ ಮನೆಯ ಮುಂದೆ ರಾತ್ರಿ ಹತ್ತಕ್ಕೊಮ್ಮೆ, ಬೆಳಗ್ಗೆ ಏಳಕ್ಕೊಮ್ಮೆ ನಿಂತು ಬನ್ನಿ. ಸದ್ದು, ವಾಹನ ನಿಲ್ಲಿಸುವ ಜಗಳ, ಕಸದ ರಾಶಿ ಇವೆಲ್ಲ ಮಧ್ಯಾಹ್ನ ಕಾಣುವುದಿಲ್ಲ. ನೀರಿನ ತೊಂದರೆ ಇದೆಯೇ ಎಂದು ಮಾಲೀಕರನ್ನು ಕೇಳಿದರೆ ಇಲ್ಲ ಎನ್ನುತ್ತಾರೆ. ಪಕ್ಕದ ಮನೆಯವರನ್ನು ‘ನೀರು ಯಾವ ಹೊತ್ತಿಗೆ ಬರುತ್ತದೆ?’ ಎಂದು ಕೇಳಿ.

ಮನೆ ನೋಡುವ ಮೊದಲೇ ಮುಂಗಡ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಮಾಲೀಕರು ಪರದೇಶದಲ್ಲಿದ್ದಾರೆ, ಹಣ ಕಳಿಸಿದರೆ ಬೀಗದ ಕೈ ಕೊರಿಯರಿನಲ್ಲಿ ಬರುತ್ತದೆ, ಇನ್ನಿಬ್ಬರು ಕಾಯುತ್ತಿದ್ದಾರೆ ಎನ್ನುವುದು ಮೋಸದ ಹಳೆಯ ಪಟ್ಟು. ಆ ಬೀದಿಯ ಉಳಿದ ಮನೆಗಳಿಗಿಂತ ಬಾಡಿಗೆ ತೀರಾ ಕಡಿಮೆ ಇರುವುದೇ ಅದರ ಗಾಳ. ಜಾಹೀರಾತಿನ ಚಿತ್ರವನ್ನು ಚಿತ್ರಹುಡುಕಾಟಕ್ಕೆ ಹಾಕಿದರೆ ಅದೇ ಕೋಣೆ ಬೇರೆ ಊರಿನ ಹೆಸರಿನಲ್ಲೂ ಸಿಗುವುದುಂಟು. ಗುರುತಿನ ಚೀಟಿ, ಮನೆಯ ದಾಖಲೆ, ಬ್ಯಾಂಕ್ ಖಾತೆ, ಈ ಮೂರರಲ್ಲೂ ಒಂದೇ ಹೆಸರಿರಬೇಕು. ಹಣ ಆ ಖಾತೆಗೇ ಹೋಗಲಿ, ರಸೀದಿ ಪಡೆಯಿರಿ.

ಬೀಗದ ಕೈ ಸಿಕ್ಕ ದಿನ ಸಾಮಾನು ಒಳಗಿಡುವ ಮೊದಲು ಪ್ರತಿ ಕೋಣೆಯ ನಾಲ್ಕೂ ಗೋಡೆ, ನೆಲ, ಚಾವಣಿಯ ಫೋಟೊ ತೆಗೆಯಿರಿ. ವಿದ್ಯುತ್ ಮತ್ತು ನೀರಿನ ಮೀಟರಿನ ಅಂಕಿಗಳೂ ಬೇಕು, ಇಲ್ಲವಾದರೆ ಹಿಂದಿನವರ ಬಿಲ್ಲು ನಿಮ್ಮ ತಲೆಗೆ ಬರುತ್ತದೆ. ಆಗಲೇ ಇರುವ ಬಿರುಕು, ಕಲೆ, ಒಡೆದ ಗಾಜನ್ನೆಲ್ಲ ಪಟ್ಟಿ ಮಾಡಿ ಮಾಲೀಕರಿಗೆ ಅದೇ ದಿನ ಇಮೇಲ್ ಮಾಡಿ. ಮನೆ ಬಿಡುವಾಗ ಮುಂಗಡದ ಜಗಳ ಬಂದರೆ ದಿನಾಂಕವಿರುವ ಈ ಇಮೇಲ್ ನಿಮ್ಮ ಪರ ನಿಲ್ಲುತ್ತದೆ. ಎಲ್ಲ ನಲ್ಲಿ ಮುಚ್ಚಿ, ಅರ್ಧ ಗಂಟೆ ಬಿಟ್ಟು ನೀರಿನ ಮೀಟರ್ ಮತ್ತೆ ನೋಡಿ. ಅಂಕಿ ಸರಿದಿದ್ದರೆ ಎಲ್ಲೋ ಸೋರುತ್ತಿದೆ. ಮೊದಲು ಫ್ಲಶ್ ಟ್ಯಾಂಕ್ ಪರೀಕ್ಷಿಸಿ.

ಊರು ತಲೆಯೊಳಗೆ ಕೂರಬೇಕಾದರೆ

ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ 1960ರಲ್ಲಿ ಹೇಳಿದಂತೆ, ಜನ ನಗರವನ್ನು ಐದು ಬಗೆಯಲ್ಲಿ ನೆನಪಿಡುತ್ತಾರೆ: ದಾರಿ, ಅಂಚು, ವಲಯ, ಕೂಡುವ ಜಾಗ, ಹೆಗ್ಗುರುತು. ಇದನ್ನೇ ಅಭ್ಯಾಸ ಮಾಡಿಕೊಳ್ಳಿ. ಮೊದಲ ವಾರ ಮನೆಯಿಂದ ಅರ್ಧ ಕಿಲೋಮೀಟರ್ ದೂರದೊಳಗೆ ದಿನಕ್ಕೊಂದು ದಿಕ್ಕಿಗೆ ನಡೆಯಿರಿ, ಬಂದು ಕಾಗದದ ಮೇಲೆ ನೆನಪಿನಿಂದ ನಕ್ಷೆ ಬರೆಯಿರಿ. ಹೊಳೆ, ರೈಲುಹಳಿ, ದೊಡ್ಡ ರಸ್ತೆ ಇವು ಅಂಚುಗಳು; ಎಲ್ಲಿ ದಾಟಬಹುದು ಎಂದು ಗೊತ್ತಿಲ್ಲದಿದ್ದರೆ ನೂರು ಮೀಟರ್ ಆಚೆಯ ಅಂಗಡಿಗೂ ಒಂದು ಕಿಲೋಮೀಟರ್ ಸುತ್ತಬೇಕಾದೀತು. ಫೋನಿನ ನಕ್ಷೆಯನ್ನು ಉತ್ತರ ಸದಾ ಮೇಲಿರುವಂತೆ ಇಡಿ. ನಿಮ್ಮ ಜೊತೆ ಅದೂ ತಿರುಗುತ್ತಿದ್ದರೆ ದಿಕ್ಕು ಎಂದಿಗೂ ಮನಸ್ಸಿಗೆ ಹಿಡಿಯುವುದಿಲ್ಲ.

ತುರ್ತು ಸಂಖ್ಯೆ, ರಾತ್ರಿಯೂ ತೆರೆದಿರುವ ಆಸ್ಪತ್ರೆ, ಅಲ್ಲಿಗೆ ಹೋಗುವ ದಾರಿ ಇವನ್ನು ಬರೆದು ಬಾಗಿಲ ಒಳಬದಿಗೆ ಅಂಟಿಸಿ. ಜೊತೆಗೆ ನಿಮ್ಮ ವಿಳಾಸವನ್ನು ಆಂಬುಲೆನ್ಸ್ ಚಾಲಕನಿಗೆ ಹೇಳುವ ರೀತಿಯಲ್ಲಿ ಬರೆಯಿರಿ: ಯಾವ ಹೆಗ್ಗುರುತಿನ ಎದುರು, ಯಾವ ಗೇಟು, ಎಷ್ಟನೇ ಮಹಡಿ. ಗಾಬರಿಯಲ್ಲಿ ಹೊಸ ವಿಳಾಸ ಬಾಯಿಗೆ ಬರುವುದಿಲ್ಲ. ದಿನವೂ ಮಾತ್ರೆ ತೆಗೆದುಕೊಳ್ಳುವವರು ಒಂದು ತಿಂಗಳಿಗಾಗುವಷ್ಟು ತನ್ನಿ, ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಬದಲು ಔಷಧದ ಮೂಲ ಹೆಸರು ಬರೆಸಿಕೊಳ್ಳಿ. ಆ ಹೆಸರೂ ದೇಶ ದಾಟಿದರೆ ಬದಲಾಗಬಹುದು: ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸೆಟಮಿನೋಫೆನ್.

ಜನ

ಮೊದಲ ವಾರಗಳ ಓಡಾಟ ಮುಗಿದ ಮೇಲೆಯೇ ಒಂಟಿತನ ಕಾಡುವುದು. ಊರು ಸರಿಯಿಲ್ಲ, ಜನ ಸರಿಯಿಲ್ಲ ಎಂದು ಆಗ ತೀರ್ಮಾನಿಸಬೇಡಿ. ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರ 2018ರ ಅಧ್ಯಯನದ ಪ್ರಕಾರ ಪರಿಚಯವು ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ ಜೊತೆಗಿರಬೇಕು, ಆಪ್ತ ಸ್ನೇಹಕ್ಕೆ 200 ಗಂಟೆಗೂ ಹೆಚ್ಚು. ವಾರಕ್ಕೊಮ್ಮೆ ಎರಡು ಗಂಟೆ ಸೇರುವ ಗುಂಪಿನಲ್ಲಿ 50 ಗಂಟೆ ತುಂಬಲು 25 ವಾರ ಬೇಕು. ಅಂದರೆ ಎರಡನೇ ತಿಂಗಳಿಗೆ ಸ್ನೇಹಿತರಿಲ್ಲ ಎಂದರೆ ನಿಮ್ಮಲ್ಲಿ ಕೊರತೆಯೇನೂ ಇಲ್ಲ, ಗಂಟೆಗಳು ಇನ್ನೂ ತುಂಬಿಲ್ಲ. ಹತ್ತು ಕಡೆ ಒಂದೊಂದು ಸಲ ಹೋಗುವ ಬದಲು ಒಂದೇ ಕಡೆ ಹತ್ತು ಸಲ ಹೋಗಿ: ವಾರದ ಅದೇ ದಿನ, ಅದೇ ಹೊತ್ತು, ಸಾಧ್ಯವಾದರೆ ಕೈಗೆ ಕೆಲಸವಿರುವ ಕಡೆ, ಅಂದರೆ ಹಾಡು, ಆಟ, ತೋಟ, ಸೇವೆ. ನೆರೆಯವರ ಜೊತೆ ಮಾತು ಶುರುಮಾಡಲು ಚಿಕ್ಕ ಪ್ರಶ್ನೆ ಸಾಕು, ಕಸದ ಗಾಡಿ ಯಾವ ದಿನ ಬರುತ್ತದೆ ಎಂಬಂಥದ್ದು. ಭಾಷೆ ಬೇರೆಯಾದರೆ ಮೊದಲು ಅಂಕಿಗಳನ್ನು ಕಲಿಯಿರಿ, ಹೇಳುವುದಕ್ಕಿಂತ ಕೇಳಿ ತಿಳಿಯುವುದನ್ನು. ಬೆಲೆ, ಬಸ್ ನಂಬರ್, ವೇಳೆ ಎಲ್ಲವೂ ನಿಮ್ಮ ಕಿವಿಗೆ ಬೀಳುವುದು ವೇಗವಾಗಿ ಆಡಿದ ಅಂಕಿಗಳಾಗಿಯೇ.