ಹಾರ್ಡಿಂಜ್ ಸರ್ಕಲ್‌ನ ಅಭ್ಯಾಸ, ಲೆಸ್ಟರ್‌ನ ಟೆಸ್ಟು

ಮೈಸೂರಿನಲ್ಲಿ ಹತ್ತು ವರ್ಷ ಕಾರು ಓಡಿಸಿದವನು ನಾನು. ಇಂಗ್ಲೆಂಡಿನಲ್ಲೂ ಎಡಗಡೆಯೇ ಓಡಿಸೋದು, ಸ್ಟೀರಿಂಗೂ ಬಲಕ್ಕೇ ಇರುತ್ತದೆ. ಇನ್ನೇನು ಕಷ್ಟ ಅಂದುಕೊಂಡೇ ಹೋದೆ. ಮೊದಲ ಟೆಸ್ಟಿನಲ್ಲೇ ಫೇಲಾದೆ.

ಅಲ್ಲಿಗೆ ವಾಸಕ್ಕೆ ಹೋದ ಮೇಲೆ 12 ತಿಂಗಳು ನಮ್ಮ ಲೈಸೆನ್ಸ್ ನಡೆಯುತ್ತದೆ. ಹಾಗಾಗಿ ಲೆಸ್ಟರ್‌ನಲ್ಲಿ ಆರಾಮಾಗಿದ್ದುಬಿಟ್ಟೆ. ತಪ್ಪು ಅದೇ. ನಮ್ಮ ಲೈಸೆನ್ಸನ್ನು ಸುಮ್ನೆ ಬದಲಾಯಿಸಿ ಕೊಡುವುದಿಲ್ಲ. ಹೊಸದಾಗಿ ಕಲಿಯುವವರಂತೆ ಪ್ರೊವಿಷನಲ್ ಅನ್ನೋ ಕಲಿಯುವವರ ಲೈಸೆನ್ಸ್ ಮಾಡಿಸಿ, ಥಿಯರಿ ಪಾಸಾಗಿ, ಆಮೇಲೆ ರೋಡ್ ಟೆಸ್ಟ್. ತಾರೀಕು ಸಿಗುವಷ್ಟರಲ್ಲಿ ನನ್ನ ವರ್ಷ ಮುಗಿದಿತ್ತು. ಕಾರಿಗೆ ಕೆಂಪು 'ಎಲ್' ಅಂಟಿಸಿ, ಮೂರು ವರ್ಷದಿಂದ ಲೈಸೆನ್ಸ್ ಇರುವ ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಾಡಬೇಕಾಯಿತು.

ಥಿಯರಿಯಲ್ಲಿ 50 ಪ್ರಶ್ನೆ, 43 ಸರಿ ಇರಬೇಕು. ಓದಿದರೆ ಆಗುತ್ತದೆ. ಜೊತೆಗಿರುವ 14 ವಿಡಿಯೋಗಳೇ ತಲೆನೋವು. 75ಕ್ಕೆ 44 ಬರಬೇಕು. ಅಪಾಯ ಶುರುವಾಗುತ್ತಿದ್ದ ಹಾಗೆ ಮೌಸ್ ಒತ್ತಬೇಕು. ಮನೆಯಲ್ಲಿ ಅಭ್ಯಾಸ ಮಾಡುವಾಗ ನನಗೆ ಯಾವುದೂ ಅಪಾಯ ಅನ್ನಿಸಲೇ ಇಲ್ಲ. ನಿಂತ ಕಾರುಗಳ ಮಧ್ಯದಿಂದ ಒಬ್ಬ ರಸ್ತೆಗೆ ಇಳಿದ. ಇಳಿಯಲಿ ಬಿಡು, ಪಕ್ಕದಲ್ಲಿ ಹೋದರಾಯಿತು ಅಂತ ನೋಡುತ್ತಾ ಕೂತೆ. ಸೊನ್ನೆ! ಸಿಟ್ಟಿಗೆ ಕಂಡಕಂಡಲ್ಲಿ ಒತ್ತಿದೆ. ಹಾಗೆ ಒತ್ತಿದರೂ ಸೊನ್ನೆಯೇ ಅಂತ ಆಮೇಲೆ ಗೊತ್ತಾಯಿತು.

ರೋಡ್ ಟೆಸ್ಟ್ ಸುಮಾರು 40 ನಿಮಿಷ. ಮೊದಲು 20 ಮೀಟರ್ ದೂರದ ನಂಬರ್ ಪ್ಲೇಟ್ ಓದಿಸುತ್ತಾರೆ. ಸಣ್ಣ ತಪ್ಪು 15ರವರೆಗೆ ಮಾಫಿ, ದೊಡ್ಡದು ಒಂದೇ ಸಾಕು. ನನ್ನದು ಸರ್ಕಲ್‌ನಲ್ಲಿ ಆಯಿತು. ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ನಮ್ಮಲ್ಲೂ ಅದೇ ನಿಯಮ, ಪುಸ್ತಕದಲ್ಲಿ. ಮೈಸೂರಿನ ಹಾರ್ಡಿಂಜ್ ಸರ್ಕಲ್‌ನಲ್ಲಿ ಹಾಗೆ ಕಾದರೆ ಮಧ್ಯಾಹ್ನದ ಊಟ ಅಲ್ಲೇ. ಮೂತಿ ತೂರಿಸಿದವನಿಗೆ ಜಾಗ. ನಾನೂ ಅಭ್ಯಾಸಬಲದಲ್ಲಿ ತೂರಿಸಿದೆ. ಬಲಗಡೆಯ ಬಿಳಿ ಕಾರು ಗಕ್ಕನೆ ನಿಂತಿತು. ಪರೀಕ್ಷಕರು ಮಾತಾಡಲಿಲ್ಲ. ಟ್ಯಾಬ್ ಮೇಲೆ ಬೆರಳು ಒಂದು ಸಲ ಆಡಿತು, ಅಷ್ಟೇ.

ಸಣ್ಣ ತಪ್ಪುಗಳಲ್ಲಿ ಜಾಸ್ತಿ ಕನ್ನಡಿಯದ್ದು. ನಾನು ನೋಡಿದ್ದೆ, ಆದರೆ ಬರೀ ಕಣ್ಣಲ್ಲಿ. ಕತ್ತು ತಿರುಗಿದ್ದು ಅವರಿಗೆ ಕಾಣಬೇಕಂತೆ.

ಮತ್ತೆ ಟೆಸ್ಟಿಗೆ ಕನಿಷ್ಠ 10 ಕೆಲಸದ ದಿನ ಬಿಡಬೇಕು. ನನಗೆ ಸಿಕ್ಕಿದ್ದು ತಿಂಗಳುಗಳ ಮೇಲೆ. ನಡುವೆ ರಜಕ್ಕೆ ಊರಿಗೆ ಬಂದೆ. ಅಪ್ಪನನ್ನು ಕೂರಿಸಿಕೊಂಡು ಬೇಕಂತಲೇ ಹಾರ್ಡಿಂಜ್ ಸರ್ಕಲ್‌ಗೆ ಹೋದೆ. ಗೆರೆಯ ಹತ್ತಿರ ನಿಂತು ಬಲಕ್ಕೆ ನೋಡಿದೆ. ಹಿಂದಿನ ಸಿಟಿ ಬಸ್ಸು ಒಂದೇ ಸಮನೆ ಹಾರನ್ ಹೊಡೆಯಿತು.

"ಯಾಕೋ ನಿಂತೆ? ನುಗ್ಗೋ!"

"ಬಲಗಡೆಯಿಂದ ಬರ್ತಿದಾರೆ ಅಪ್ಪ."

"ಅವರು ಬರ್ತಾನೇ ಇರ್ತಾರೆ. ಅದ್ಸರಿ, ಆಗಿಂದ ಕತ್ತು ಯಾಕೆ ಹಾಗೆ ತಿರುಗಿಸ್ತಿದೀಯ, ಉಳುಕಿದೆಯಾ?"

ಎರಡನೇ ಸಲ ನಾಲ್ಕೇ ಸಣ್ಣ ತಪ್ಪು, ಪಾಸು. ನೀವು ಹೋಗುವವರಾದರೆ ಮೊದಲ ತಿಂಗಳಲ್ಲೇ ಪ್ರೊವಿಷನಲ್‌ಗೆ ಅರ್ಜಿ ಹಾಕಿ. ಎಷ್ಟೇ ಚೆನ್ನಾಗಿ ಓಡಿಸಿದರೂ ಅಲ್ಲಿನ ಮೇಷ್ಟ್ರ ಹತ್ತಿರ ನಾಲ್ಕೈದು ಪಾಠ ತಗೊಳ್ಳಿ. ಗೇರ್ ಕಾರಿನಲ್ಲೇ ಟೆಸ್ಟ್ ಕೊಡಿ, ಆಟೋಮ್ಯಾಟಿಕ್‌ನಲ್ಲಿ ಪಾಸಾದರೆ ಅದನ್ನು ಮಾತ್ರ ಓಡಿಸಬಹುದು.

ಈಗ ಊರಿಗೆ ಬಂದಾಗ ಸರ್ಕಲ್ ಕಡೆ ಹೋಗಬೇಕಾದರೆ ಅಪ್ಪ ಮೊದಲೇ ಕೀ ತಮ್ಮ ಜೇಬಿಗೆ ಹಾಕಿಕೊಳ್ಳುತ್ತಾರೆ.