ಹಳೆ ಗರಿಯಿಂದ ಹೊಸ ಬೂದಿ: ನನ್ನ ಅನುಭವ

ಈಸ್ಟರ್‌ಗೆ ಮೊದಲಿನ ಉಪವಾಸಕಾಲ ಶುರುವಾಗುವ ದಿನವೇ ಬೂದಿ ಬುಧವಾರ. ಅಂದು ಚರ್ಚಿನಲ್ಲಿ ಹಣೆಗೆ ಹಚ್ಚುವ ಬೂದಿಯನ್ನು ಹಿಂದಿನ ವರ್ಷ ಆಶೀರ್ವದಿಸಿದ ಗರಿ ಸುಟ್ಟು ಮಾಡುತ್ತೇವೆ. ಆ ಬೂದಿ ಕೆಡುವುದು ಸುಡುವಾಗಲ್ಲ. ಅದಕ್ಕೂ ಆರೇಳು ತಿಂಗಳ ಮೊದಲೇ, ಕೊಡಗಿನ ಮಳೆಗಾಲದಲ್ಲಿ. ಗರಿಗಳ ಭಾನುವಾರ, ಅಂದರೆ ಈಸ್ಟರ್‌ಗೆ ಮುಂಚಿನ ಭಾನುವಾರ, ಮನೆಗೆ ತಂದು ಶಿಲುಬೆಯ ಹಿಂದೆ ಸಿಕ್ಕಿಸಿದ ಹಸಿ ಗರಿಗೆ ಜುಲೈ ಹೊತ್ತಿಗೆ ಗೋಡೆಯ ತಂಡಿಯಿಂದ ಬೂಷ್ಟು ಹತ್ತಿರುತ್ತದೆ. ಅಂಥ ಗರಿ ಉರಿಯುವುದಿಲ್ಲ, ಬರೀ ಹೊಗೆಯಾಡುತ್ತದೆ. ಹಾಗಾಗಿ ಮಳೆ ಹಿಡಿಯುವ ಮೊದಲೇ ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಸೌದೆ ಒಲೆ ಇರುವ ಮನೆಯಾದರೆ ಒಲೆ ಮೇಲಿನ ಅಟ್ಟದಲ್ಲಿಡಿ ಎಂದು ನಾವು ಹೇಳುತ್ತೇವೆ.

ತೆಂಗಿನ ಗರಿಯೇ ಆಗಬೇಕೆಂದಿಲ್ಲ. ಹಿಂದಿನ ವರ್ಷ ಆಶೀರ್ವದಿಸಿದ ಓಲಿವ್ ಅಥವಾ ಬೇರೆ ಮರದ ಕೊಂಬೆಗಳ ಬೂದಿ ಎಂದಷ್ಟೇ ಪೂಜಾವಿಧಿ ಹೇಳುತ್ತದೆ. ತಾಳೆ ಜಾತಿಯ ಬೈನೆ ಮರದ ಗರಿಯೂ ನಡೆಯುತ್ತದೆ. ಆದರೆ ದಪ್ಪ ದಿಂಡನ್ನು ಕತ್ತರಿಸಿ ತೆಗೆಯಬೇಕು. ಅದು ಅರೆಬೆಂದು, ಕುಟ್ಟಿದರೂ ನಾರು ನಾರಾಗಿ ಉಳಿಯುತ್ತದೆ.

ಬೂದಿ ಬುಧವಾರ ಫೆಬ್ರುವರಿ 4ರಿಂದ ಮಾರ್ಚ್ 10ರೊಳಗೆ ಬೀಳುತ್ತದೆ. 2026ರಲ್ಲಿ ಫೆಬ್ರುವರಿ 18. ಎರಡು ವಾರ ಮೊದಲೇ ಚರ್ಚಿನ ಬಾಗಿಲಲ್ಲಿ ಪೆಟ್ಟಿಗೆ ಇಟ್ಟು ಗರಿ ಕೂಡಿಸುತ್ತೇವೆ. ಗರಿಯಿಂದ ಹೆಣೆದ ಶಿಲುಬೆಗಳಲ್ಲಿ ಪ್ಲಾಸ್ಟಿಕ್ ದಾರ, ಸ್ಟೇಪ್ಲರ್ ಪಿನ್ನು, ಸೆಲ್ಲೋಟೇಪು ಎಲ್ಲ ಇರುತ್ತವೆ. ಒಂದೊಂದನ್ನೂ ಬಿಚ್ಚಿ ನೋಡಿ. ಬೇಸರದ ಕೆಲಸ, ಆದರೆ ಹಣೆಗೆ ಹಚ್ಚುವ ಪುಡಿಯಲ್ಲಿ ಪಿನ್ನಿನ ಚೂರು ಇರಬಾರದು.

ಕಾಫಿ ತೋಟದೊಳಗೆ ಮಾತ್ರ ಸುಡಬೇಡಿ. ಆ ತಿಂಗಳಲ್ಲಿ ಸಿಲ್ವರ್ ಓಕ್ ಎಲೆ ಒಣಗಿ ನೆಲ ತುಂಬ ಬಿದ್ದಿರುತ್ತದೆ, ಕಣದಲ್ಲಿ ರೊಬಸ್ಟಾ ಕಾಫಿ ಹರಡಿರುತ್ತದೆ. ಗಾಳಿ ಏಳುವ ಮೊದಲು, ಬೆಳಿಗ್ಗೆ, ಸಿಮೆಂಟು ಅಂಗಳದಲ್ಲಿ, ಪಕ್ಕದಲ್ಲೊಂದು ಬಕೆಟ್ ನೀರು. ಹಳೆಯ ಕಬ್ಬಿಣದ ಬಾಣಲೆ, ಅದಕ್ಕೆ ಸರಿಯಾಗಿ ಕೂರುವ ಮುಚ್ಚಳ. ಮೇಣದ ಬತ್ತಿಯಿಂದ ಹಚ್ಚಿ. ಸೀಮೆಎಣ್ಣೆ ಬೇಡ, ಆ ವಾಸನೆ ಕೊನೆವರೆಗೂ ಹೋಗುವುದಿಲ್ಲ. ಪೇಪರೂ ಬೇಡ, ಅದರ ಬೂದಿ ಪದರ ಪದರವಾಗಿ ಬೆರೆಯುತ್ತದೆ.

ಎಲ್ಲರೂ ತಪ್ಪುವುದು ಇಲ್ಲಿ: ಬೆಳ್ಳಗಾಗುವವರೆಗೆ ಸುಡುತ್ತಾರೆ. ನಮಗೆ ಬೇಕಾದ್ದು ಬಿಳಿ ಬೂದಿಯಲ್ಲ, ಕಪ್ಪು ಇದ್ದಿಲು. ಜ್ವಾಲೆ ಇಳಿದ ಕೂಡಲೇ ಮುಚ್ಚಳ ಹಾಕಿದರೆ ಗಾಳಿ ಸಿಗದೆ ಇದ್ದಿಲು ಕಪ್ಪಾಗಿಯೇ ಉಳಿಯುತ್ತದೆ. ಬಿಳಿ ಬೂದಿಯಲ್ಲಿ ಪೊಟ್ಯಾಶಿಯಂ ಲವಣ ಜಾಸ್ತಿ. ನೀರು ಬೆರೆಸಿದರೆ ಕ್ಷಾರವಾಗುತ್ತದೆ. ಹಿಂದೆ ಬಟ್ಟೆ ಒಗೆಯುತ್ತಿದ್ದ ಬೂದಿನೀರು ಇದೇ. ಹಣೆಗೆ ಹಚ್ಚಿಕೊಂಡು ಗಂಟೆಗಟ್ಟಲೆ ಇದ್ದರೆ ಚರ್ಮ ಸುಟ್ಟು ಕೆಂಪಾಗುತ್ತದೆ, ಮಕ್ಕಳಿಗೆ ಗುಳ್ಳೆಯೂ ಏಳಬಹುದು. ಆದ್ದರಿಂದ ನೀರಿನಲ್ಲಿ ಕಲಸಲೇಬಾರದು.

ಪೂರ್ತಿ ಆರಿದ ಮೇಲೆ ಕುಟ್ಟಾಣಿಯಲ್ಲಿ ಕುಟ್ಟಿ ತೆಳು ಬಟ್ಟೆಯಲ್ಲಿ ಸೋಸಿ. ತುಂಬಿದ ಬಾಣಲೆ ಗರಿಗೆ ಒಂದು ಹಿಡಿ ಪುಡಿ ಸಿಕ್ಕರೆ ಹೆಚ್ಚು, ಆದರೂ ಸಾಕು: ಇನ್ನೂರು ಹಣೆಗೆ ಎರಡು ಟೀ ಚಮಚ. ಒಂದು ಚಮಚ ಪುಡಿಗೆ ಅರ್ಧ ಚಮಚ ಎಣ್ಣೆ, ಹನಿ ಹನಿಯಾಗಿ. ಹೆಚ್ಚಾದರೆ ಮೂಗಿನ ಮೇಲೆ ಇಳಿಯುತ್ತದೆ. ತೆಂಗಿನೆಣ್ಣೆ ಮಡಿಕೇರಿಯ ಫೆಬ್ರುವರಿ ಬೆಳಗಿನಲ್ಲಿ ಹೆಪ್ಪುಗಟ್ಟಿ ಗಂಟಾಗುತ್ತದೆ. ಬೆಳಗಿನ ಪೂಜೆಗೆ ಓಲಿವ್ ಎಣ್ಣೆಯೇ ಲೇಸು. ಎಣ್ಣೆ ಬೆರೆತಿದ್ದರೆ ಆಶೀರ್ವಾದದ ಹೊತ್ತಿಗೆ ಚಿಮುಕಿಸಿದ ತೀರ್ಥ ಮೇಲೆಯೇ ಮುತ್ತುಗಟ್ಟಿ ನಿಲ್ಲುತ್ತದೆ. ದೋಷವೇನಲ್ಲ. ಹಣೆಗೆ ಹಚ್ಚದೆ ನೆತ್ತಿಗೆ ಉದುರಿಸುವ ಕಡೆ ಎಣ್ಣೆಯೇ ಬೇಡ, ಒಣ ಪುಡಿ ಸಾಕು.

ಫಾದರ್ ಕೈ ತೊಳೆಯಲು ನಿಂಬೆ ಹೋಳು ಇಡಿ, ಸೋಪಿಗಿಂತ ಬೇಗ ಹೋಗುತ್ತದೆ. ಉಳಿದ ಒಣ ಪುಡಿಯನ್ನು ಗಾಜಿನ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿದರೆ ಮುಂದಿನ ವರ್ಷಕ್ಕೂ ಬರುತ್ತದೆ. ಎಣ್ಣೆ ಕಲಸಿದ್ದು ಕಮಟು ಹಿಡಿಯುತ್ತದೆ. ಅದನ್ನು ಯಾರೂ ತುಳಿಯದ ಜಾಗದಲ್ಲಿ ಮಣ್ಣಿಗೆ ಸೇರಿಸುತ್ತೇವೆ.